ಕೋಡಿಯಕ್ಕರೈ ಕುದುರೆ, ನಮ್ಮೂರ ಚಿಗರಿ

ಚೆನ್ನೈಗೆ ಬಂದ ಕನ್ನಡಿಗರು ಮೊದಲ ವರ್ಷ ಮಹಾಬಲಿಪುರ ನೋಡುತ್ತಾರೆ. ಎರಡನೇ ವರ್ಷ ಪುದುಚೇರಿ, ಮೂರನೇ ವರ್ಷ ಚಿದಂಬರ, ತಂಜಾವೂರು. ಆಮೇಲೆ ಲಾಂಗ್ ವೀಕೆಂಡ್ ಸಿಕ್ಕರೆ ಸಾಕು, ಶುಕ್ರವಾರ ರಾತ್ರಿ ಊರಿನ ಬಸ್ಸು ಹತ್ತುತ್ತಾರೆ. ನಾನೂ ಅದೇ ಪೈಕಿ. ಸುರತ್ಕಲ್‌ನಲ್ಲಿ ಎಂಟೆಕ್ ಮುಗಿಸಿ ಒಎಂಆರ್‌ನ ಕಂಪನಿಯೊಂದಕ್ಕೆ ಸೇರಿ ಎಂಟು ವರ್ಷವಾಯಿತು. ಕೋಡಿಯಕ್ಕರೈ ಎಂಬ ಊರಿನ ಹೆಸರನ್ನು ನನ್ನ ಕಿವಿಗೆ ಹಾಕಿದವನು ವೇದಾರಣ್ಯಂ ಕಡೆಯ ಸಹೋದ್ಯೋಗಿ. 'ನಿಮ್ಮ ರಾಣೆಬೆನ್ನೂರಲ್ಲಿ ಕೃಷ್ಣಮೃಗ ಇವೆ ಅಂತೀಯಲ್ಲ, ನಮ್ಮಲ್ಲೂ ಇವೆ. ಜೊತೆಗೆ ಕುದುರೆಗಳೂ ಇವೆ. ಯಾರದ್ದೂ ಅಲ್ಲದ ಕುದುರೆ' ಎಂದಿದ್ದ.

ಯಾರದ್ದೂ ಅಲ್ಲದ ಕುದುರೆ ಎಂಬ ಮಾತು ತಲೆಯಲ್ಲಿ ಉಳಿಯಿತು. ಎಮ್ಮೆ, ದನ, ನಾಯಿ ಬೀದಿಗೆ ಬಿದ್ದದ್ದು ನೋಡಿದ್ದೇವೆ. ಕುದುರೆಗಳು ಹಿಂಡುಹಿಂಡಾಗಿ, ಒಡೆಯನಿಲ್ಲದೆ, ಲಗಾಮು ಲಾಳಗಳಿಲ್ಲದೆ, ಸರ್ಕಾರಿ ಹುಲ್ಲುಗಾವಲಿನಲ್ಲಿ ತಲೆಮಾರುಗಳಿಂದ ಬದುಕುತ್ತಿವೆ ಎಂದರೆ ಅದು ಅಮೆರಿಕದ ಕೌಬಾಯ್ ಸಿನಿಮಾದ ಸಂಗತಿ ಅಂದುಕೊಂಡಿದ್ದೆ. ನಮ್ಮ ಆಫೀಸಿನಿಂದ ಸುಮಾರು 350 ಕಿಲೋಮೀಟರ್ ದೂರದಲ್ಲಿ ಅದೇ ನಡೆಯುತ್ತಿದೆ. ಕಳೆದ ಪೊಂಗಲ್ ರಜೆಯಲ್ಲಿ ಅವನ ಜೊತೆ ಹೋಗಿ ನೋಡಿ ಬಂದೆ. ಬಂದ ಮೇಲೆ ಒಂದಿಷ್ಟು ಓದಿದೆ. ಆ ಕುದುರೆಗಳ ಸಮಸ್ಯೆ ನಮ್ಮ ಹಾವೇರಿ, ಚಿತ್ರದುರ್ಗ, ತುಮಕೂರಿನ ಬಯಲುಗಳಿಗೂ ಸಂಬಂಧಪಟ್ಟದ್ದು ಅನ್ನಿಸಿದ್ದರಿಂದ ಈ ಬರಹ.

ದಡದ ತುದಿಯ ಊರು

ಧನುಷ್ಕೋಡಿಯಲ್ಲಿರುವ 'ಕೋಡಿ'ಯೇ ಇಲ್ಲಿಯೂ ಇದೆ. ಕೋಡಿ ಎಂದರೆ ತುದಿ, ಕರೈ ಎಂದರೆ ದಡ. ಚೆನ್ನೈಯಿಂದ ದಕ್ಷಿಣಕ್ಕೆ ಇಳಿಯುವ ಕೋರಮಂಡಲ ಕರಾವಳಿ ಇಲ್ಲಿಗೆ ಬಂದು ಥಟ್ಟನೆ ಪಶ್ಚಿಮಕ್ಕೆ ತಿರುಗುತ್ತದೆ. ಆಚೆ ಪಾಕ್ ಜಲಸಂಧಿ, ಅದರಾಚೆ ಶ್ರೀಲಂಕಾ. ಬ್ರಿಟಿಷರು ಇದನ್ನು ಪಾಯಿಂಟ್ ಕ್ಯಾಲಿಮೆರ್ ಎಂದು ಕರೆದರು. ಕಲ್ಕಿಯವರ 'ಪೊನ್ನಿಯಿನ್ ಸೆಲ್ವನ್' ಕಾದಂಬರಿ ಓದಿದವರಿಗೆ, ಮಣಿರತ್ನಂ ಸಿನಿಮಾ ನೋಡಿದವರಿಗೆ ದೋಣಿ ನಡೆಸುವ ಪೂಂಗುಳಲಿಯ ಊರು ಎಂದರೆ ಗೊತ್ತಾಗುತ್ತದೆ. ಪಕ್ಕದ ವೇದಾರಣ್ಯಂ ನಮ್ಮ ಅಂಕೋಲಾದಂತೆ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಜಾಗ. ರಾಜಾಜಿಯವರು ತಿರುಚಿರಾಪಳ್ಳಿಯಿಂದ ನಡೆದುಕೊಂಡು ಬಂದದ್ದು ಇಲ್ಲಿಗೇ. ಈಗಲೂ ರಸ್ತೆಯ ಎರಡೂ ಬದಿ ಉಪ್ಪಿನ ಗದ್ದೆಗಳು, ಬಿಳಿ ರಾಶಿಗಳು.

ಕೋಡಿಯಕ್ಕರೈಯನ್ನು ಅಭಯಾರಣ್ಯ ಎಂದು ಘೋಷಿಸಿದ್ದು 1967ರಲ್ಲಿ, ಮುಖ್ಯವಾಗಿ ಕೃಷ್ಣಮೃಗಗಳಿಗಾಗಿ. 2002ರಲ್ಲಿ ಇಲ್ಲಿನ ಜೌಗು ಪ್ರದೇಶಕ್ಕೆ ರಾಮ್ಸರ್ ಮಾನ್ಯತೆ ಸಿಕ್ಕಿತು. ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ. ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯ ದಾರಿ ಅಧ್ಯಯನ ಮಾಡಿದ ಸ್ಥಳಗಳಲ್ಲಿ ಇದೂ ಒಂದು. ಒಳಗೆ ಪಾಲೈ ಮರಗಳ ಒಣ ನಿತ್ಯಹರಿದ್ವರ್ಣ ಕಾಡು. ಸಮುದ್ರದ ಕಡೆಗೆ ಬಂದಂತೆ ಮರ ಕಡಿಮೆಯಾಗಿ ಬಯಲು ತೆರೆದುಕೊಳ್ಳುತ್ತದೆ. ಆ ಬಯಲೇ ಕೃಷ್ಣಮೃಗದ ಮನೆ. ತಮಿಳಿನಲ್ಲಿ ಅದಕ್ಕೆ 'ವೆಳಿಮಾನ್' ಎನ್ನುತ್ತಾರೆ. ವೆಳಿ ಎಂದರೆ ಬಯಲು. ಓಟವೇ ಅದರ ರಕ್ಷಣೆ. ದೂರದವರೆಗೆ ಕಣ್ಣು ಹಾಯದ ಜಾಗದಲ್ಲಿ ಅದಕ್ಕೆ ನೆಮ್ಮದಿ ಇಲ್ಲ.

ನಾವು ಹೋದದ್ದು ಬೆಳಿಗ್ಗೆ ಏಳಕ್ಕೆ. ಜೊತೆಗೆ ಬಂದ ಸ್ಥಳೀಯ ಗೈಡ್ ಮೊದಲು ತೋರಿಸಿದ್ದು ಕೃಷ್ಣಮೃಗವನ್ನಲ್ಲ, ಕುದುರೆಗಳನ್ನು. ಒಂದು ಗಂಡು, ಐದಾರು ಹೆಣ್ಣು, ಎರಡು ಮರಿ. ಕಂದು ಬಣ್ಣದವೇ ಹೆಚ್ಚು. ಎತ್ತರ ನನ್ನ ಎದೆಯಷ್ಟು. ನಮ್ಮ ಕಡೆ ತಟ್ಟು ಎನ್ನುತ್ತೇವಲ್ಲ, ಅಂಥವು. ತಮಿಳರು 'ಮಟ್ಟಕ್ಕುದಿರೈ' ಎನ್ನುತ್ತಾರೆ. ಜೀಪಿನ ಸದ್ದಿಗೆ ಗಂಡು ತಲೆ ಎತ್ತಿ ನೋಡಿತು, ಉಳಿದವು ಮೇಯುವುದನ್ನು ಬಿಡಲಿಲ್ಲ. ಅರ್ಧ ಕಿಲೋಮೀಟರ್ ಮುಂದೆ ಹೋದ ಮೇಲೆ ಕೃಷ್ಣಮೃಗಗಳು ಕಂಡವು. ಸುರುಳಿ ಕೊಂಬಿನ ಒಂದು ಕಪ್ಪು ಗಂಡು ತನ್ನ ಜಾಗ ಕಾಯುತ್ತ ನಿಂತಿತ್ತು.

ಕುದುರೆಗಳು ಎಲ್ಲಿಂದ ಬಂದವು?

ಕುದುರೆ ಎಂದ ಕೂಡಲೇ ನಮಗೆ ಭಟ್ಕಳದ ಬಂದರು, ಅರಬ್ಬೀ ಕುದುರೆ, ಹಂಪಿಯ ಮಹಾನವಮಿ ದಿಬ್ಬದ ಶಿಲ್ಪಗಳು ನೆನಪಾಗುತ್ತವೆ. ವಿಜಯನಗರಕ್ಕೆ ಬಂದು ಅದರ ಬಗ್ಗೆ ಬರೆದಿಟ್ಟ ನ್ಯೂನಿಜ್ ಸ್ವತಃ ಕುದುರೆ ವ್ಯಾಪಾರಿ. ಅದಕ್ಕೂ ಮೊದಲು ಪಾಂಡ್ಯ ರಾಜರು ಇದೇ ತಮಿಳು ಕರಾವಳಿಯ ಬಂದರುಗಳಲ್ಲಿ ಸಾವಿರಾರು ಕುದುರೆ ಕೊಳ್ಳುತ್ತಿದ್ದರು, ಆರೈಕೆ ಗೊತ್ತಿಲ್ಲದೆ ಅವು ಸಾಯುತ್ತಿದ್ದವು ಎಂದು ಮಾರ್ಕೊ ಪೋಲೊ ದಾಖಲಿಸಿದ್ದಾನೆ. ಕೋಡಿಯಕ್ಕರೈಯ ತಟ್ಟುಗಳದ್ದು ಅಂಥ ರಾಜವೈಭವದ ಕಥೆಯಲ್ಲ. ಸಾಮಾನು ಹೊರಲು, ಗಾಡಿ ಎಳೆಯಲು ಜನ ಸಾಕಿದ್ದ ಸಾಧಾರಣ ಪ್ರಾಣಿಗಳು. ಕೆಲಸ ಮುಗಿದ ಮೇಲೆ ಬಿಟ್ಟುಬಿಟ್ಟರು. ಅವು ಕಾಡಿನಲ್ಲಿ ಮರಿ ಹಾಕಿದವು, ಆ ಮರಿಗಳು ಮನುಷ್ಯನ ಕೈ ಮುಟ್ಟದೆ ಬೆಳೆದವು.

ಇಂಥ ಪ್ರಾಣಿಗೆ ವನ್ಯಜೀವಿ ತಜ್ಞರು ಇಡುವ ಹೆಸರು ಬೇರೆ. ಹುಲಿ, ಆನೆಯಂತೆ ಕಾಡಿನಲ್ಲೇ ವಿಕಾಸವಾದದ್ದು ಕಾಡುಪ್ರಾಣಿ. ಸಾಕಿದ ಜಾತಿಯೊಂದು ಕಾಡು ಸೇರಿ ಸ್ವತಂತ್ರವಾದರೆ ಅದು 'ಫೆರಲ್'. ಮರುಕಾಡಾದ ಪ್ರಾಣಿ ಎನ್ನಬಹುದು. ಅಸ್ಸಾಂನ ದಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನದಲ್ಲೂ ಇಂಥ ಕುದುರೆಗಳಿವೆ. ಅವು ಎರಡನೇ ಮಹಾಯುದ್ಧದ ಕಾಲದ ಸೇನಾ ಕುದುರೆಗಳ ಸಂತತಿ ಎನ್ನುತ್ತಾರೆ. ಊಟಿಯ ರಸ್ತೆಗಳಲ್ಲಿ ಪ್ಲಾಸ್ಟಿಕ್ ತಿನ್ನುತ್ತ ನಿಂತ ಕುದುರೆಗಳನ್ನು ನೀವು ನೋಡಿರಬಹುದು. ಅವು ಆ ದಾರಿಯ ಮೊದಲ ಹೆಜ್ಜೆಯಲ್ಲಿವೆ.

ಒಂದು ಕುದುರೆಯ ಹುಲ್ಲಿನ ಲೆಕ್ಕ

'ನೋಡಲು ಚೆಂದ ಇವೆ, ಇರಲಿ ಬಿಡಿ' ಎಂದು ನಾನೂ ಗೈಡ್‌ಗೆ ಹೇಳಿದೆ. ಆತ ಹುಲ್ಲು ತೋರಿಸಿದ. ಕುದುರೆ ಹಿಂಡು ಮೇದುಹೋದ ಜಾಗ ಟ್ರಿಮ್ಮರ್ ಹಾಕಿದಂತೆ ನುಣ್ಣಗಿತ್ತು.

ಇದರ ಹಿಂದೆ ಹಲ್ಲಿನ ವಿಷಯವಿದೆ. ಹಸು, ಕುರಿ, ಕೃಷ್ಣಮೃಗಗಳಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ. ಕುದುರೆಗೆ ಮೇಲೂ ಕೆಳಗೂ ಬಾಚಿಹಲ್ಲುಗಳಿವೆ. ಅದು ಹುಲ್ಲನ್ನು ಕತ್ತರಿಯಂತೆ ನೆಲಮಟ್ಟಕ್ಕೆ ಕತ್ತರಿಸಬಲ್ಲದು. ಎರಡನೆಯದು ಹೊಟ್ಟೆ. ಕೃಷ್ಣಮೃಗ ಮೆಲುಕು ಹಾಕುವ ಪ್ರಾಣಿ. ತಿಂದದ್ದು ಜೀರ್ಣವಾಗುವವರೆಗೆ ಮತ್ತಷ್ಟು ತಿನ್ನಲಾರದು, ಹಾಗಾಗಿ ಎಳೆಯ, ಸತ್ವವುಳ್ಳ ಹುಲ್ಲು ಆರಿಸುತ್ತದೆ. ಕುದುರೆ ಮೆಲುಕು ಹಾಕುವುದಿಲ್ಲ. ಅದರ ಆಹಾರ ಹುದುಗುವುದು ದೊಡ್ಡ ಕರುಳಿನ ಭಾಗದಲ್ಲಿ. ಒರಟು ಹುಲ್ಲನ್ನೂ ಬೇಗಬೇಗ ತಿಂದು ಬೇಗ ಹೊರಹಾಕುತ್ತದೆ. ಸತ್ವ ಕಡಿಮೆಯಿದ್ದರೆ ಪ್ರಮಾಣ ಹೆಚ್ಚಿಸುತ್ತದೆ. ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಮೇಯುತ್ತಲೇ ಇರುತ್ತದೆ.

ಒಂದು ಸ್ಥೂಲ ಲೆಕ್ಕ ಹಾಕೋಣ. 180 ಕಿಲೋ ತೂಗುವ ತಟ್ಟು ತನ್ನ ತೂಕದ ಶೇ 2ರಷ್ಟು ಒಣಮೇವು ತಿಂದರೆ ದಿನಕ್ಕೆ 3.6 ಕಿಲೋ. 33 ಕಿಲೋ ತೂಗುವ ಕೃಷ್ಣಮೃಗ ಶೇ 2.5ರಂತೆ ತಿಂದರೂ ಮುಕ್ಕಾಲು ಕಿಲೋಗಿಂತ ಸ್ವಲ್ಪ ಹೆಚ್ಚು. ಅಂದರೆ ಒಂದು ಕುದುರೆ ನಾಲ್ಕರಿಂದ ಐದು ಕೃಷ್ಣಮೃಗಗಳ ಮೇವು ತಿನ್ನುತ್ತದೆ. ಮಳೆಗಾಲದಲ್ಲಿ ಹುಲ್ಲು ಸಮೃದ್ಧವಾಗಿರುವಾಗ ಇದು ಯಾರಿಗೂ ಕಾಣುವುದಿಲ್ಲ. ಏಪ್ರಿಲ್, ಮೇ ಬಂದಾಗ ಬಯಲು ಒಣಗುತ್ತದೆ. ಸುತ್ತ ಉಪ್ಪುನೀರು, ಸಿಹಿನೀರಿನ ಹೊಂಡಗಳು ಬೆರಳೆಣಿಕೆಯಷ್ಟು. ಆಗ ಹುಲ್ಲಿಗೂ ನೀರಿಗೂ ಪೈಪೋಟಿ. ದೊಡ್ಡ ಮೈಯ ಪ್ರಾಣಿ ಹೊಂಡದ ದಡದಲ್ಲಿ ನಿಂತರೆ ಸಣ್ಣ ಪ್ರಾಣಿ ದೂರ ಸರಿಯುತ್ತದೆ.

ಮೂರನೆಯದು ನಮಗೆಲ್ಲ ಪರಿಚಿತ ಶತ್ರು. ತಮಿಳರು ಸೀಮೈ ಕರುವೇಲಂ ಎನ್ನುವುದನ್ನು ನಾವು ಬಳ್ಳಾರಿ ಜಾಲಿ ಎನ್ನುತ್ತೇವೆ. ಮೆಕ್ಸಿಕೊ ಮತ್ತು ದಕ್ಷಿಣ ಅಮೆರಿಕದ ಕಡೆಯಿಂದ ಸೌದೆಗಾಗಿ ತಂದ ಈ ಮುಳ್ಳುಮರ ತಮಿಳುನಾಡನ್ನು ಎಷ್ಟು ಆವರಿಸಿದೆಯೆಂದರೆ ಮದ್ರಾಸ್ ಹೈಕೋರ್ಟ್ ಅದನ್ನು ಕಿತ್ತುಹಾಕಲು ಆದೇಶ ಕೊಡಬೇಕಾಯಿತು. ಅದರ ಕಾಯಿ ಸಿಹಿ. ಕುದುರೆ, ದನಗಳು ಇಷ್ಟಪಟ್ಟು ತಿನ್ನುತ್ತವೆ. ಬೀಜ ಜೀರ್ಣವಾಗದೆ ಲದ್ದಿಯ ಜೊತೆ ಬಯಲಿಗೆ ಬಿದ್ದು, ಗೊಬ್ಬರ ಸಮೇತ ಮೊಳೆಯುತ್ತದೆ. ಬಯಲು ಪೊದೆಯಾಗುತ್ತದೆ. ಬಯಲು ಕಿರಿದಾದಷ್ಟೂ ಕೃಷ್ಣಮೃಗಕ್ಕೆ ಜಾಗ ಕಡಿಮೆ, ಉಳಿದ ಬಯಲಿನ ಮೇಲೆ ಕುದುರೆಯ ಒತ್ತಡ ಹೆಚ್ಚು. ಮಯಿಲಾಡುತುರೈನ ಎ.ವಿ.ಸಿ. ಕಾಲೇಜಿನ ವನ್ಯಜೀವಿ ಸಂಶೋಧಕರು ಕೃಷ್ಣಮೃಗ, ಕುದುರೆ, ಜಾಲಿ ಈ ಮೂರರ ನಂಟನ್ನು ಇಲ್ಲಿ ಅಧ್ಯಯನ ಮಾಡಿ ಬರೆದಿದ್ದಾರೆ.

ಇದರ ಮೇಲೆ ಪ್ರಕೃತಿಯ ಹೊಡೆತ. 2018ರ ನವೆಂಬರ್ 16ರ ನಸುಕಿನಲ್ಲಿ ಗಜ ಚಂಡಮಾರುತ ವೇದಾರಣ್ಯಂ ಬಳಿಯೇ ದಡ ಮುಟ್ಟಿತು. ಕಾಡಿನ ಮರಗಳು ಉರುಳಿದವು, ಕೃಷ್ಣಮೃಗ, ಚುಕ್ಕೆ ಜಿಂಕೆ, ಕುದುರೆಗಳು ಸತ್ತವು. ಗೈಡ್ ಆ ರಾತ್ರಿಯ ಬಗ್ಗೆ ಹೆಚ್ಚು ಮಾತಾಡಲಿಲ್ಲ. 'ಎಲ್ಲಾ ಪೋಚ್ಚು ಸಾರ್' ಎಂದಷ್ಟೇ ಹೇಳಿದ. ಇಷ್ಟು ಸಣ್ಣ ಜಾಗದಲ್ಲಿ ಬದುಕುವ ಪ್ರಾಣಿಗೆ ಒಂದೇ ರಾತ್ರಿ ಸಾಕು. ಅದಕ್ಕೇ ಉಳಿದ ದಿನಗಳಲ್ಲಿ ಮೇವಿಗೆ ಕಷ್ಟವಾಗದಂತೆ ನೋಡಿಕೊಳ್ಳುವುದು ಮುಖ್ಯ.

ಕಾನೂನಿಗೂ ಕಗ್ಗಂಟು

ಹಾಗಾದರೆ ಹಿಡಿದು ಸಾಗಿಸಬಾರದೇಕೆ? ಇಲ್ಲಿ ಕಾನೂನು ಕುತೂಹಲಕರವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಕೃಷ್ಣಮೃಗ ಮೊದಲ ಶೆಡ್ಯೂಲಿನಲ್ಲಿದೆ. ಗುಜರಾತಿನ ಕಚ್‌ನ ಕಾಡುಕತ್ತೆಯೂ ಇದೆ. ಕುದುರೆ ಇಲ್ಲ. ಅದೇ ಕಾಯ್ದೆ 'ಜಾನುವಾರು' ಎಂದರೆ ಯಾವುವು ಎಂದು ಹೇಳುವಾಗ ದನ, ಎಮ್ಮೆ, ಕುರಿ, ಕತ್ತೆಗಳ ಜೊತೆ ಕುದುರೆಯನ್ನೂ ಹೆಸರಿಸುತ್ತದೆ. ಅಭಯಾರಣ್ಯದಲ್ಲಿ ಜಾನುವಾರು ಮೇಯುವುದನ್ನು ನಿಯಂತ್ರಿಸುವ, ನಿಷೇಧಿಸುವ ಅಧಿಕಾರ ಮುಖ್ಯ ವನ್ಯಜೀವಿ ವಾರ್ಡನ್‌ಗೆ ಇದೆ. ಆದರೆ ಜಾನುವಾರಿಗೆ ಒಡೆಯನಿರುತ್ತಾನೆ. ಅವನಿಗೆ ನೋಟಿಸ್ ಕೊಡಬಹುದು, ದಂಡ ಹಾಕಬಹುದು, ದೊಡ್ಡಿಗೆ ಅಟ್ಟಿದ ದನವನ್ನು ಬಿಡಿಸಿಕೊಂಡು ಹೋಗು ಎನ್ನಬಹುದು. ಈ ಕುದುರೆಗಳ ನೋಟಿಸನ್ನು ಯಾರ ಮನೆ ಬಾಗಿಲಿಗೆ ಅಂಟಿಸುವುದು?

ಸೆರೆ ಹಿಡಿದರೂ ಮುಂದೇನು ಎಂಬ ಪ್ರಶ್ನೆ ಇದೆ. ಮನುಷ್ಯನ ಕೈ ಕಾಣದ ವಯಸ್ಕ ಕುದುರೆಯನ್ನು ಪಳಗಿಸುವುದು ಸುಲಭವಲ್ಲ. ಗಾಬರಿಯಲ್ಲಿ ಓಡಿ ಕಾಲು ಮುರಿದುಕೊಳ್ಳುತ್ತದೆ. ಒಂದು ಕುದುರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಅಷ್ಟು ವರ್ಷ ಮೇವು, ಜಾಗ, ಡಾಕ್ಟರ್ ಯಾರು ಕೊಡುತ್ತಾರೆ? ಕೊಲ್ಲುವ ಮಾತು ನಮ್ಮ ದೇಶದಲ್ಲಿ ಬರುವುದಿಲ್ಲ, ಬರಲೂಬಾರದು.

ಬೇರೆ ದೇಶಗಳು ಕಲಿತದ್ದು

ಅಮೆರಿಕದಲ್ಲಿ ನೆವಾಡದ ವೆಲ್ಮಾ ಜಾನ್‌ಸ್ಟನ್ ಎಂಬ ಆಫೀಸ್ ಸೆಕ್ರೆಟರಿ, ಕಾಡುಕುದುರೆಗಳನ್ನು ವಿಮಾನ, ಟ್ರಕ್ಕುಗಳಲ್ಲಿ ಬೆನ್ನಟ್ಟಿ ಹಿಡಿದು ಕಸಾಯಿಖಾನೆಗೆ ಸಾಗಿಸುವುದನ್ನು ಕಂಡು ಹೋರಾಟ ಶುರು ಮಾಡಿದರು. ಶಾಲಾ ಮಕ್ಕಳು ಸರ್ಕಾರಕ್ಕೆ ರಾಶಿ ರಾಶಿ ಪತ್ರ ಬರೆದರು. 1971ರಲ್ಲಿ ಕಾನೂನು ಬಂತು. ಸರ್ಕಾರಿ ಹುಲ್ಲುಗಾವಲಿನ ಕುದುರೆ, ಕತ್ತೆಗಳನ್ನು ಕೊಲ್ಲುವುದು, ಹಿಡಿಯುವುದು ಅಪರಾಧವಾಯಿತು. ಕುದುರೆಗಳನ್ನು ನೋಡಿಕೊಳ್ಳುವ ಜವಾಬ್ದಾರಿ ಮುಖ್ಯವಾಗಿ ಭೂ ನಿರ್ವಹಣಾ ಇಲಾಖೆಗೆ ಬಂತು.

ಕಾನೂನು ಬಂದ ಮೇಲೆ ಇನ್ನೊಂದು ಕಷ್ಟ ಶುರುವಾಯಿತು. ಬೇಟೆಗಾರ ಪ್ರಾಣಿ ಹೆಚ್ಚಿಲ್ಲದ ಕಡೆ ಕುದುರೆ ಹಿಂಡು ವರ್ಷಕ್ಕೆ ಶೇ 15ರಿಂದ 20ರಷ್ಟು ಬೆಳೆಯಬಲ್ಲದು. ಶೇ 18 ಎಂದಿಟ್ಟುಕೊಳ್ಳಿ. ನೂರು ಕುದುರೆ ನಾಲ್ಕು ವರ್ಷಕ್ಕೆ 194, ಎಂಟು ವರ್ಷಕ್ಕೆ 376, ಹನ್ನೆರಡು ವರ್ಷಕ್ಕೆ 729. ನಮ್ಮ ಹೋಮ್‌ಲೋನ್ ಬಡ್ಡಿ ನೋಡಿದವರಿಗೆ ಚಕ್ರಬಡ್ಡಿಯ ಮಹಿಮೆ ಹೇಳಬೇಕಿಲ್ಲ. ಆ ಇಲಾಖೆಯ ಪ್ರಕಾರ ಅದರ ಹುಲ್ಲುಗಾವಲು ತಾಳಿಕೊಳ್ಳುವುದು ಸುಮಾರು 25 ಸಾವಿರ ಚಿಲ್ಲರೆ ಕುದುರೆ, ಕತ್ತೆಗಳನ್ನು. 2024ರಲ್ಲಿ ಇದ್ದವು 73 ಸಾವಿರಕ್ಕೂ ಹೆಚ್ಚು. ಹೆಲಿಕಾಪ್ಟರಿನಿಂದ ಅಟ್ಟಿ ಹಿಡಿದು ದೊಡ್ಡಿಗಳಲ್ಲಿ ಸಾಕುತ್ತಿರುವವು ಬೇರೆ. ಅವುಗಳ ಸಂಖ್ಯೆಯೂ ಹತ್ತಾರು ಸಾವಿರ. ಕಾರ್ಯಕ್ರಮದ ಹಣದ ಬಹುಪಾಲು ಆ ದೊಡ್ಡಿಗಳ ಮೇವಿಗೇ ಹೋಗುತ್ತದೆ, ಹುಲ್ಲುಗಾವಲಿನ ಸುಧಾರಣೆಗೆ ಉಳಿಯುವುದು ಕಡಿಮೆ.

ಆಸ್ಟ್ರೇಲಿಯಾ ಇನ್ನೂ ಕಠಿಣ ದಾರಿಗೆ ಬಂತು. ಕೊಸಿಯಸ್ಕೊ ರಾಷ್ಟ್ರೀಯ ಉದ್ಯಾನದ 'ಬ್ರಂಬಿ' ಕುದುರೆಗಳನ್ನು ಪರಂಪರೆ ಎಂದು ರಕ್ಷಿಸಲು ನ್ಯೂ ಸೌತ್ ವೇಲ್ಸ್ ರಾಜ್ಯ 2018ರಲ್ಲಿ ಕಾನೂನು ಮಾಡಿತು. ಸಂಖ್ಯೆ ಏರಿತು, ಪರ್ವತದ ತೊರೆಗಳು, ಜೌಗುಗಳು ತುಳಿದು ಹಾಳಾದವು. ಕೊನೆಗೆ 2023ರಲ್ಲಿ ಅದೇ ರಾಜ್ಯ ಹೆಲಿಕಾಪ್ಟರಿನಿಂದ ಗುಂಡು ಹೊಡೆಯಲು ಅನುಮತಿ ಕೊಟ್ಟಿತು. ಆರಂಭದಲ್ಲಿ ಸಣ್ಣದಾಗಿ ಮಾಡಬಹುದಾಗಿದ್ದ ಕೆಲಸವನ್ನು ಮುಂದೂಡಿದರೆ ಕೊನೆಗೆ ಉಳಿಯುವ ದಾರಿ ಎಷ್ಟು ಕ್ರೂರ ಎನ್ನುವುದಕ್ಕೆ ಇದು ಉದಾಹರಣೆ.

ಕೋಡಿಯಕ್ಕರೈಗೆ ಹತ್ತಿರದ ಪಾಠ ಇರುವುದು ಅಮೆರಿಕದ ಪೂರ್ವ ಕರಾವಳಿಯ ಅಸಟೀಗ್ ದ್ವೀಪದಲ್ಲಿ. ಅದೂ ಉಪ್ಪು ಜೌಗಿನ ಜಾಗ, ಅಲ್ಲಿಯೂ ಗಿಡ್ಡ ಕುದುರೆಗಳು, ಚಂಡಮಾರುತದ ಭಯವೂ ಇದೆ. ದ್ವೀಪದ ನಡುವೆ ಬೇಲಿ. ವರ್ಜೀನಿಯಾ ಭಾಗದ ಕುದುರೆಗಳು ಚಿಂಕಟೀಗ್ ಎಂಬ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳಕ್ಕೆ ಸೇರಿದವು. ಗರಿಷ್ಠ 150 ಕುದುರೆ ಇಟ್ಟುಕೊಳ್ಳಲು ಪರವಾನಗಿ. ಪ್ರತಿ ಜುಲೈಯಲ್ಲಿ ಅವನ್ನು ಕಾಲುವೆ ಈಜಿಸಿ ಊರಿಗೆ ತಂದು ಮರಿಗಳನ್ನು ಹರಾಜು ಹಾಕುತ್ತಾರೆ. ನಮ್ಮ ಜಾನುವಾರು ಜಾತ್ರೆಯಂತೆ ಜನ ಸೇರುತ್ತಾರೆ, ಬಂದ ಹಣ ದಳಕ್ಕೆ. ಮೇರಿಲ್ಯಾಂಡ್ ಭಾಗದಲ್ಲಿ ಹರಾಜಿಲ್ಲ. ಅಲ್ಲಿ 1994ರಲ್ಲಿ ಹೆಣ್ಣು ಕುದುರೆಗಳಿಗೆ ಡಾರ್ಟ್ ಮೂಲಕ ಗರ್ಭನಿರೋಧಕ ಲಸಿಕೆ ಕೊಡಲು ಶುರು ಮಾಡಿದರು.

ಈ ಲಸಿಕೆಯ ಹೆಸರು ಪಿಝಡ್‌ಪಿ. ಹಂದಿಯ ಅಂಡದ ಹೊರಪೊರೆಯ ಪ್ರೋಟೀನಿನಿಂದ ಮಾಡಿದ್ದು. ಅದಕ್ಕೆ ಪ್ರತಿಯಾಗಿ ಕುದುರೆಯ ದೇಹದಲ್ಲಿ ಹುಟ್ಟುವ ಪ್ರತಿಕಾಯಗಳು ಅದರ ಸ್ವಂತ ಅಂಡವನ್ನೂ ಸುತ್ತುವರಿದು ವೀರ್ಯಾಣು ಅಂಟದಂತೆ ತಡೆಯುತ್ತವೆ. ಕುದುರೆಯನ್ನು ಹಿಡಿಯಬೇಕಿಲ್ಲ, ಕೆಡವಬೇಕಿಲ್ಲ. ಲಸಿಕೆ ನಿಲ್ಲಿಸಿದರೆ ಸಾಮಾನ್ಯವಾಗಿ ಮತ್ತೆ ಗರ್ಭ ನಿಲ್ಲುತ್ತದೆ. ಆದರೆ ಪ್ರತಿ ಹೆಣ್ಣನ್ನೂ ಗುರುತಿಟ್ಟು, ವರ್ಷ ವರ್ಷ ಮರುಲಸಿಕೆ ಕೊಡಬೇಕು. ಮರಿ ಹಾಕದ ಹೆಣ್ಣುಗಳು ಹೆಚ್ಚು ವರ್ಷ ಬದುಕುವುದರಿಂದ ಸಂಖ್ಯೆ ಇಳಿಯುವುದು ನಿಧಾನ. ಅಸಟೀಗ್‌ನಲ್ಲಿ ನೂರರ ಆಸುಪಾಸಿಗೆ ತರಲು ಎರಡು ದಶಕದಷ್ಟು ಕಾಲ ಹಿಡಿಯಿತು.

ಗಂಡು ಕುದುರೆಗಳ ಬೀಜ ಒಡೆದರೆ ಸಾಲದೇ ಎಂದು ಕೇಳಬಹುದು. ಹತ್ತು ಗಂಡು, ಐವತ್ತು ಹೆಣ್ಣು ಇವೆ ಎಂದುಕೊಳ್ಳಿ. ಒಂಬತ್ತು ಗಂಡಿಗೆ ಶಸ್ತ್ರಚಿಕಿತ್ಸೆ ಮಾಡಿದರೂ ಉಳಿದ ಒಂದು ಗಂಡು ಹೆಚ್ಚಿನ ಹೆಣ್ಣುಗಳನ್ನು ಗಬ್ಬ ಕಟ್ಟಿಸಬಲ್ಲದು. ಅದೇ ಐವತ್ತರಲ್ಲಿ ನಲವತ್ತು ಹೆಣ್ಣಿಗೆ ಲಸಿಕೆ ಫಲಿಸಿದರೆ ಆ ವರ್ಷದ ಮರಿಗಳು ಐದನೇ ಒಂದು ಭಾಗಕ್ಕೆ ಇಳಿಯುತ್ತವೆ. ಬಾಟಲ್‌ನೆಕ್ ಎಲ್ಲಿದೆಯೋ ಅಲ್ಲಿಯೇ ಕೆಲಸ ಮಾಡಬೇಕು ಎಂಬುದು ನಮ್ಮ ವೃತ್ತಿಯವರಿಗೆ ಹೊಸದಲ್ಲ.

ಚೆನ್ನೈಗೆ ಈ ವಿಚಾರ ಹೊಸದೂ ಅಲ್ಲ. ಬೀದಿನಾಯಿಗಳನ್ನು ಕೊಲ್ಲುವ ಬದಲು ಸಂತಾನಹರಣ ಮಾಡಿ ಬಿಡಬೇಕು ಎಂದು ಇಲ್ಲಿನ ಬ್ಲೂ ಕ್ರಾಸ್ ಸಂಸ್ಥೆ 1960ರ ದಶಕದಿಂದಲೇ ಹೇಳುತ್ತ ಬಂತು. 1990ರ ದಶಕದಲ್ಲಿ ಚೆನ್ನೈ ಪಾಲಿಕೆ ಅದನ್ನು ಒಪ್ಪಿಕೊಂಡಿತು. ಹುಟ್ಟು ತಡೆದು ಸಾವು ಉಳಿಸುವ ಈ ದಾರಿಯನ್ನು ನಾಯಿಗೆ ತೋರಿಸಿದ ಊರು ಕುದುರೆಗೂ ತೋರಿಸಬಹುದು.

ನಮ್ಮ ಕಾವಲುಗಳು

ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು ನಕ್ಕರು. 'ಅಲ್ಲಿ ಚಿಗರಿ ಮೇವು ಕುದ್ರಿ ತಿಂತಾವಂತ ನಿನಗ ಚಿಂತಿ. ಇಲ್ಲಿ ನಮ್ಮ ಗೋವಿನಜೋಳ ಚಿಗರಿ ತಿಂತಾವಲ್ಲ, ಅದನ್ನ ಯಾರು ಬರೀತಾರ?' ಎಂದರು.

ಅಪ್ಪ ಹೇಳಿದ್ದು ಸತ್ಯ. ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಆದದ್ದು 1974ರಲ್ಲಿ, ವಿಸ್ತೀರ್ಣ 119 ಚದರ ಕಿಲೋಮೀಟರ್. ಅದರ ದೊಡ್ಡ ಭಾಗ ನೀಲಗಿರಿ ನೆಡುತೋಪು. ಬಯಲು ಬೇಕಾದ ಪ್ರಾಣಿಗೆ ನಾವು ಮರ ನೆಟ್ಟುಕೊಟ್ಟೆವು. ಅದು ಬಯಲು ಹುಡುಕಿಕೊಂಡು ರೈತರ ಹೊಲಕ್ಕೆ ಬಂತು. ಬಿತ್ತಿದ ಬೀಜ ಮೊಳಕೆ ಒಡೆದಾಗ ರಾತ್ರಿಯಿಡೀ ಹೊಲ ಕಾಯುವ ಪಾಡು ನಮ್ಮ ಮನೆಯವರಿಗೆ ಚೆನ್ನಾಗಿ ಗೊತ್ತು. ಕೋಡಿಯಕ್ಕರೈಯಲ್ಲಿ ಕುದುರೆ, ರಾಣೆಬೆನ್ನೂರಿನಲ್ಲಿ ನೀಲಗಿರಿ. ಎರಡೂ ಕಡೆ ಕಳೆದುಹೋಗುತ್ತಿರುವುದು ಹುಲ್ಲಿನ ಬಯಲು.

ಸಾರ್ವಜನಿಕ ಹುಲ್ಲುಗಾವಲನ್ನು ಲೆಕ್ಕವಿಟ್ಟು ನಡೆಸುವುದು ನಮಗೆ ಗೊತ್ತಿರದ ವಿದ್ಯೆಯೇನಲ್ಲ. ಮೈಸೂರು ಅರಸರ ಕಾಲದ ಅಮೃತಮಹಲ್ ಕಾವಲುಗಳನ್ನು ನೆನಪಿಸಿಕೊಳ್ಳಿ. ಚಿಕ್ಕದೇವರಾಜ ಒಡೆಯರ 'ಬೆಣ್ಣೆ ಚಾವಡಿ', ಟಿಪ್ಪು ಕಾಲದ 'ಅಮೃತಮಹಲ್'. ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗದ ಉದ್ದಕ್ಕೂ ಹರಡಿದ್ದ ಲಕ್ಷಾಂತರ ಎಕರೆ ಕಾವಲುಗಳನ್ನು ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ಹಿಂಡಿಗೆ ಸೇರ್ವೆಗಾರರು. ಒಂದು ಕಡೆ ಹುಲ್ಲು ಮುಗಿಯುವ ಮೊದಲೇ ಹಿಂಡನ್ನು ಇನ್ನೊಂದು ಕಡೆಗೆ ಹೊಡೆಯುತ್ತಿದ್ದರು. ನಮ್ಮ ಕುರುಬರು ಇವತ್ತಿಗೂ ಕುರಿ ಹಿಂಡನ್ನು ಹಾಗೆಯೇ ನಡೆಸುತ್ತಾರೆ. ಮೇಯಿಸುವವನ ಕಸುಬು ಇರುವುದು ಎಲ್ಲಿ ಮೇಯಿಸಬೇಕು ಎನ್ನುವುದಕ್ಕಿಂತ ಯಾವಾಗ ಎಬ್ಬಿಸಿಕೊಂಡು ಹೋಗಬೇಕು ಎನ್ನುವುದರಲ್ಲಿ. ಕೋಡಿಯಕ್ಕರೈಯ ಕುದುರೆಗಳನ್ನು ಎಬ್ಬಿಸಿಕೊಂಡು ಹೋಗುವವರು ಇಲ್ಲ. ಸುತ್ತ ಸಮುದ್ರ, ಉಪ್ಪಿನ ಗದ್ದೆ, ಊರು. ಮೇದ ಜಾಗದಲ್ಲೇ ಮತ್ತೆ ಮೇಯುತ್ತವೆ.

ಕಾವಲುಗಳೂ ಕರಗುತ್ತಿವೆ. ಚಳ್ಳಕೆರೆಯಲ್ಲಿ ಒಂಬತ್ತು ಸಾವಿರ ಎಕರೆಗೂ ಹೆಚ್ಚು ಕಾವಲು ವಿಜ್ಞಾನ, ರಕ್ಷಣಾ ಮತ್ತಿತರ ಯೋಜನೆಗಳಿಗೆ ಹೋಯಿತು. ಕುರಿಗಾಹಿಗಳು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದ್ದು ನೆನಪಿರಬಹುದು. ಸರ್ಕಾರದ ನಕ್ಷೆಯಲ್ಲಿ ಹುಲ್ಲುಗಾವಲು ಅನೇಕ ಕಡೆ 'ಪಾಳು ಭೂಮಿ' ಎಂದೇ ದಾಖಲಾಗಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ 2007ರಲ್ಲಿ ಘೋಷಣೆಯಾದಾಗ ಉಳಿದಿದ್ದದ್ದು 800 ಎಕರೆಗೂ ಕಡಿಮೆ.

ಏನು ಮಾಡಬಹುದು?

ಓದಿದ್ದನ್ನೂ ನೋಡಿದ್ದನ್ನೂ ಸೇರಿಸಿ ನನಗೆ ತೋಚಿದ ಕ್ರಮ ಹೀಗಿದೆ. ಮೊದಲು, ಹೊಸ ಕುದುರೆ ಕಾಡು ಸೇರದಂತೆ ನೋಡಿಕೊಳ್ಳಬೇಕು. ಊಟಿಯಲ್ಲಾಗಲಿ, ಮರೀನಾ ಬೀಚಿನಲ್ಲಾಗಲಿ ಸವಾರಿಗೆ ಇಟ್ಟ ಪ್ರತಿ ಕುದುರೆಗೆ ಮೈಕ್ರೋಚಿಪ್ ಹಾಕಿದರೆ ಬಿಟ್ಟುಹೋದ ಒಡೆಯನನ್ನು ಹುಡುಕಬಹುದು. ಎರಡನೆಯದಾಗಿ, ಕೋಡಿಯಕ್ಕರೈಯ ಪ್ರತಿ ಕುದುರೆಗೂ ಫೋಟೊ ಸಮೇತ ದಾಖಲೆ ಬೇಕು. ಹಣೆಯ ಬಿಳಿ ಗುರುತು, ಕಾಲಿನ ಬಣ್ಣ ಸಾಕು ಗುರುತಿಗೆ. ಮೂರನೆಯದಾಗಿ, ವನ್ಯಜೀವಿ ಮತ್ತು ಪಶುವೈದ್ಯ ತಜ್ಞರು ಸೇರಿ ಈ ಬಯಲು ತಾಳುವ ಸಂಖ್ಯೆ ಎಷ್ಟು ಎಂದು ನಿರ್ಧರಿಸಿ, ಹೆಣ್ಣು ಕುದುರೆಗಳ ಗರ್ಭನಿರೋಧದ ಪ್ರಯೋಗವನ್ನು ಸಣ್ಣದಾಗಿ ಆರಂಭಿಸಬೇಕು. ಪಳಗಿಸಬಹುದಾದ ಎಳೆಯ ಮರಿಗಳನ್ನು ಸಾಕುವವರಿಗೆ ಕಾಗದಪತ್ರ ಮಾಡಿ ಕೊಡಬಹುದು. ನಾಲ್ಕನೆಯದಾಗಿ, ಜಾಲಿ ಕೀಳುವ ಕೆಲಸ ಇದರ ಜೊತೆಜೊತೆಗೇ ನಡೆಯಬೇಕು. ಕಿತ್ತ ಜಾಗದಲ್ಲಿ ಕುದುರೆ ಮತ್ತೆ ಬೀಜ ಬಿತ್ತಿದರೆ ಪ್ರಯೋಜನವಿಲ್ಲ. ಕೊನೆಯದಾಗಿ, ವರ್ಷ ವರ್ಷ ಎಣಿಸಬೇಕಾದದ್ದು ಕುದುರೆಯ ತಲೆಯನ್ನು ಮಾತ್ರವಲ್ಲ, ಹುಲ್ಲಿನ ಎತ್ತರವನ್ನೂ ಕೃಷ್ಣಮೃಗದ ಮರಿಗಳನ್ನೂ.

ಇದರಲ್ಲಿ ಯಾವುದೂ ಒಂದೇ ವರ್ಷದಲ್ಲಿ ಮುಗಿಯುವುದಿಲ್ಲ. ಐದು ವರ್ಷಕ್ಕೆ ಸರ್ಕಾರ ಬದಲಾಗುವ, ಮೂರು ವರ್ಷಕ್ಕೆ ಅಧಿಕಾರಿ ವರ್ಗವಾಗುವ ವ್ಯವಸ್ಥೆಯಲ್ಲಿ ಇಪ್ಪತ್ತು ವರ್ಷದ ಕೆಲಸ ಹಿಡಿದು ನಡೆಸುವುದೇ ನಿಜವಾದ ಕಷ್ಟ. ಅದಕ್ಕೇ ಆ ಊರಿನ ಜನರನ್ನು, ಗೈಡ್‌ಗಳನ್ನು, ಹತ್ತಿರದ ಕಾಲೇಜಿನವರನ್ನು ಒಳಗೆ ತೆಗೆದುಕೊಳ್ಳಬೇಕು. ಅವರು ವರ್ಗವಾಗಿ ಹೋಗುವುದಿಲ್ಲ.

ಚೆನ್ನೈಯ ಕನ್ನಡಿಗರು ಡಿಸೆಂಬರ್, ಜನವರಿಯಲ್ಲಿ ಒಮ್ಮೆ ಹೋಗಿ ಬನ್ನಿ. ಅಷ್ಟು ದೂರ ಆಗದಿದ್ದರೆ ಗಿಂಡಿ ರಾಷ್ಟ್ರೀಯ ಉದ್ಯಾನದ ಬಳಿ ಓಡಾಡುವಾಗ ಒಂದು ಕ್ಷಣ ನೆನಪಿಸಿಕೊಳ್ಳಿ. ಈ ಮಹಾನಗರದ ನಡುವೆಯೂ ಕೃಷ್ಣಮೃಗಗಳಿವೆ. ಕೋಡಿಯಕ್ಕರೈಗೆ ಹೋದವರು ಕುದುರೆಗೆ ಬ್ರೆಡ್ಡು, ಬಾಳೆಹಣ್ಣು ಕೊಡಬೇಡಿ, ಗೈಡ್‌ಗೆ ಅವನ ಕೂಲಿ ಸರಿಯಾಗಿ ಕೊಡಿ, ಅರಣ್ಯ ಇಲಾಖೆಯ ಸಿಬ್ಬಂದಿ ಸಿಕ್ಕರೆ 'ಕುದುರೆ ಎಷ್ಟಾಗಿವೆ? ಚಿಗರಿ ಎಷ್ಟಾಗಿವೆ?' ಎಂದು ಕೇಳಿ. ಊರಿಗೆ ಹೋದಾಗ ನಿಮ್ಮ ತಾಲ್ಲೂಕಿನ ಕಾವಲು, ಗೋಮಾಳ ಎಷ್ಟು ಉಳಿದಿದೆ ಎಂದೂ ಕೇಳಿ. ನಾನು ಈ ದಸರಾಕ್ಕೆ ಹೋದಾಗ ಅಪ್ಪನ ಜೊತೆ ಹುಲ್ಲತ್ತಿ ಕಡೆಗೆ ಹೋಗಿ ನೋಡಿಬರಬೇಕು ಎಂದುಕೊಂಡಿದ್ದೇನೆ. ಅವರು ಒಂದು ಷರತ್ತು ಹಾಕಿದ್ದಾರೆ: ಚಿಗರಿ ನೋಡಿ ಬಂದ ರಾತ್ರಿ ನಾನೇ ಹೊಲ ಕಾಯಬೇಕಂತೆ.